ವಿಕಿಗೂ ಅದರ ಉಗ್ರಾಣಕ್ಕೂ ಹೊಂದದಿದ್ದಾಗ

ವಿಕಿಪೀಡಿಯ ಗೊತ್ತಿಲ್ಲದವರು ಈಗ ಕಡಿಮೆ. ಅದನ್ನು ನಡೆಸುವ ತಂತ್ರಾಂಶವನ್ನು ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳಬಹುದು ಎಂಬುದು ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದರ ಹೆಸರು ಮೀಡಿಯಾವಿಕಿ. ತಾಲ್ಲೂಕಿನ ಶಾಸನಗಳ ಪಟ್ಟಿ, ಕಾಲೇಜಿನವರ ಜಾನಪದ ಸಂಗ್ರಹ, ಕಚೇರಿಯ ಕೈಪಿಡಿ, ಹೀಗೆ ಹತ್ತಾರು ಜನ ಸೇರಿ ಬರೆದು ತಿದ್ದಬೇಕಾದದ್ದು ಏನಿದ್ದರೂ ಅದರಲ್ಲಿ ಕೂರಿಸಬಹುದು. ಇಳಿಸಿಕೊಂಡು ಅಳವಡಿಸಲು ಕೂತರೆ ಮೊದಲ ಪ್ರಶ್ನೆಗಳೆಲ್ಲ ಸಲೀಸು. ಯಾವ ಭಾಷೆ ಬೇಕು ಎಂದು ಕೇಳುತ್ತದೆ, ಕನ್ನಡ ಎನ್ನುತ್ತೀರಿ. ಆಮೇಲೆ ಡೇಟಾಬೇಸಿನ ಪುಟ ಬರುತ್ತದೆ. ಬಹಳಷ್ಟು ಉತ್ಸಾಹ ಅಲ್ಲೇ ಇಳಿದುಹೋಗುತ್ತದೆ.

ವಿಕಿಯ ಲೇಖನಗಳು ಒಂದೊಂದು ಕಡತವಾಗಿ ಇರುವುದಿಲ್ಲ. ನೀವು ಪುಟ ಕೇಳಿದಾಗ ಪಿಎಚ್‌ಪಿ ಭಾಷೆಯಲ್ಲಿ ಬರೆದ ಮೀಡಿಯಾವಿಕಿ ಒಳಗಿನ ಉಗ್ರಾಣಕ್ಕೆ ಹೋಗಿ ಬೇಕಾದ ಪಠ್ಯವನ್ನು ತಂದು, ಪುಟ ಕಟ್ಟಿ ಬಡಿಸುತ್ತದೆ. ಆ ಉಗ್ರಾಣವೇ ಡೇಟಾಬೇಸ್. ಸಾಮಾನ್ಯವಾಗಿ ಅದು ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಆಗಿರುತ್ತದೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಕೂಡ ನಡೆಯುತ್ತವೆ. ವಿಕಿ, ಪಿಎಚ್‌ಪಿ, ಡೇಟಾಬೇಸ್ ಮೂರನ್ನೂ ಮಾಡುವವರು ಬೇರೆ ಬೇರೆ. ಒಬ್ಬರು ಹೊಸದು ತಂದಾಗ ಇನ್ನೊಬ್ಬರು ಕಾಯುತ್ತ ಕೂತಿರುವುದಿಲ್ಲ. ನನ್ನ ಮಟ್ಟಿಗೆ, ಅಳವಡಿಸುವಾಗಿನ ಬಹುಪಾಲು ಜಗಳಗಳು ಈ ಮೂರರ ವಯಸ್ಸಿನ ಅಂತರದಿಂದಲೇ ಹುಟ್ಟುತ್ತವೆ. ಆದ್ದರಿಂದ ಮೊದಲು ಒಂದು ಚೀಟಿಯ ಮೇಲೆ ಮೂರರ ಆವೃತ್ತಿ ಸಂಖ್ಯೆಯನ್ನೂ ಅವು ಬಂದ ವರ್ಷವನ್ನೂ ಬರೆದಿಟ್ಟುಕೊಳ್ಳಿ. ಅರ್ಧ ಉತ್ತರ ಆ ಚೀಟಿಯಲ್ಲೇ ಇರುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನ 2018ರದ್ದು. ಆ ವರ್ಷ ಏಪ್ರಿಲ್‌ನಲ್ಲಿ ಮೈಎಸ್‌ಕ್ಯೂಎಲ್ 8.0 ಬಂತು. ಗುಪ್ತಪದವನ್ನು ಪರೀಕ್ಷಿಸುವ ಹಳೆಯ ಕ್ರಮವನ್ನು ಬಿಟ್ಟು, ಹೆಚ್ಚು ಭದ್ರವಾದ ಹೊಸ ಕ್ರಮವನ್ನೇ ರೂಢಿಯಾಗಿ ಇಟ್ಟುಕೊಂಡಿತು. ಪಿಎಚ್‌ಪಿ ಆ ಕ್ರಮವನ್ನು ಸರಿಯಾಗಿ ಕಲಿತದ್ದು 2019ರ ನವೆಂಬರಿನ 7.4ನೇ ಆವೃತ್ತಿಯಲ್ಲಿ. ನಡುವಿನ ಒಂದೂವರೆ ವರ್ಷ ಎಷ್ಟೋ ಜನ ಗುಪ್ತಪದ ಸರಿಯಿದ್ದರೂ ಬಾಗಿಲಲ್ಲೇ ನಿಂತರು. ಬರುತ್ತಿದ್ದ ದೋಷದ ಸಂಖ್ಯೆ 2054. ಸರ್ವರ್ ಕೇಳುವ ಗುರುತಿನ ವಿಧಾನ ನನಗೆ ತಿಳಿಯದು ಎಂದು ಅದರರ್ಥ. 1045 ಬಂದರೆ ಮಾತು ಬೇರೆ: ಹೆಸರೋ ಗುಪ್ತಪದವೋ ನಿಜಕ್ಕೂ ತಪ್ಪಿದೆ, ಇಲ್ಲವೇ ಆ ಹೆಸರಿನವರಿಗೆ ಆ ಯಂತ್ರದಿಂದ ಪ್ರವೇಶವಿಲ್ಲ. 2002 ಬಂದರೆ ಸರ್ವರ್ ಎದ್ದೇ ಇಲ್ಲ, ಅಥವಾ ನೀವು ಹುಡುಕುತ್ತಿರುವ ಜಾಗದಲ್ಲಿ ಅದು ಇಲ್ಲ. ಲಿನಕ್ಸ್‌ನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದರೆ ಒಂದು ದಾರಿ, 127.0.0.1 ಎಂದು ಬರೆದರೆ ಇನ್ನೊಂದು ದಾರಿ. ಒಂದು ಮುಚ್ಚಿದ್ದಾಗ ಇನ್ನೊಂದು ತೆರೆದಿರಬಹುದು. ಕೆಂಪು ಅಕ್ಷರ ಕಂಡ ಕೂಡಲೇ ಗಾಬರಿಬಿದ್ದು ಎಲ್ಲವನ್ನೂ ಅಳಿಸಿ ಮತ್ತೆ ಹಾಕುವವರಿದ್ದಾರೆ. ಸಂಖ್ಯೆಯನ್ನು ಓದಿದರೆ ಆ ಶ್ರಮ ಉಳಿಯುತ್ತದೆ.

2054ಕ್ಕೆ ಆಗ ಎಲ್ಲರೂ ಹೇಳುತ್ತಿದ್ದ ಮದ್ದು ಒಂದೇ: ಬಳಕೆದಾರನನ್ನು ಹಳೆಯ ಗುಪ್ತಪದ ಕ್ರಮಕ್ಕೆ ಮರಳಿಸು. ಆ ಸಲಹೆ ಇವತ್ತಿಗೂ ಎಲ್ಲೆಲ್ಲೂ ಸಿಗುತ್ತದೆ. ಆದರೆ 2024ರ ಏಪ್ರಿಲ್‌ನಲ್ಲಿ ಬಂದ ಮೈಎಸ್‌ಕ್ಯೂಎಲ್ 8.4ರಲ್ಲಿ ಹಳೆಯ ಕ್ರಮವನ್ನು ನಿಷ್ಕ್ರಿಯವಾಗಿಟ್ಟರು, ಅದೇ ಜುಲೈನ 9.0ರಲ್ಲಿ ಕಿತ್ತೇ ಹಾಕಿದರು. ಈಗ ಪಿಎಚ್‌ಪಿಯನ್ನು ಮೇಲಕ್ಕೇರಿಸುವುದೇ ಸರಿಯಾದ ಚಿಕಿತ್ಸೆ. ಸಲಹೆಗೂ ತಾರೀಖು ಇರುತ್ತದೆ, ನೋಡಿಕೊಳ್ಳಬೇಕು.

ಮರಿಯಾಡಿಬಿಯ ಕಥೆ ಇನ್ನೂ ಸ್ವಾರಸ್ಯ. 1995ರಲ್ಲಿ ಶುರುವಾದ ಮೈಎಸ್‌ಕ್ಯೂಎಲ್ 2008ರಲ್ಲಿ ಸನ್ ಕಂಪನಿಯ ಪಾಲಾಯಿತು, 2010ರಲ್ಲಿ ಸನ್ ಜೊತೆಗೇ ಒರಾಕಲ್ ಕೈಗೆ ಹೋಯಿತು. ಮೈಎಸ್‌ಕ್ಯೂಎಲ್ ನಿರ್ಮಾತೃಗಳಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ಅಷ್ಟರಲ್ಲಿ ಹೊರಬಂದು ಅದೇ ಮೂಲದಿಂದ ಕವಲು ಒಡೆಸಿದ್ದರು. ಹಳೆಯದಕ್ಕೆ ಹಿರಿಮಗಳು ಮೈಯ ಹೆಸರು, ಹೊಸದಕ್ಕೆ ಕಿರಿಮಗಳು ಮರಿಯಾಳ ಹೆಸರು. ಇಂಗ್ಲಿಷ್ ವಿಕಿಪೀಡಿಯ 2013ರಲ್ಲಿ ಕಿರಿಯವಳ ಮನೆಗೆ ಬಂತು. ಮುಂದೆ ಮರಿಯಾಡಿಬಿ 5.5ರಿಂದ ನೇರ 10.0ಕ್ಕೆ ಹಾರಿತು. ಆಗ ಒಂದು ವಿಚಿತ್ರ ತೊಡಕು ಎದ್ದಿತು. ಒಂದು ಸರ್ವರಿನಿಂದ ಇನ್ನೊಂದಕ್ಕೆ ನಕಲು ಕಳಿಸುವ ಹಳೆಯ ಕೋಡು ಆವೃತ್ತಿಯ ಮೊದಲ ಅಂಕಿಯನ್ನಷ್ಟೇ ನೋಡುತ್ತಿತ್ತು. ಹತ್ತರ ಮೊದಲ ಅಂಕಿ ಒಂದು. ಇಷ್ಟು ಹಳೆಯದರ ಜೊತೆ ನನಗೆ ಆಗದು ಎಂದು ಅದು ಹಠ ಹಿಡಿಯುತ್ತಿತ್ತು. ಉಪಾಯವಾಗಿ ಮರಿಯಾಡಿಬಿಯವರು ತಮ್ಮ ನಿಜವಾದ ಸಂಖ್ಯೆಯ ಮುಂದೆ 5.5.5 ಎಂದು ಅಂಟಿಸಿ ಹೇಳತೊಡಗಿದರು. ಹಳೆಯ ಕೋಡಿಗೆ ಸಮಾಧಾನವಾಯಿತು, ಆದರೆ ಕನಿಷ್ಠ ಆವೃತ್ತಿ ಇಷ್ಟಿರಬೇಕು ಎಂದು ಪರೀಕ್ಷಿಸುವ ತಂತ್ರಾಂಶಗಳು ಆ 5.5.5ನ್ನೇ ನಂಬಿ, ಹೊಸ ಸರ್ವರನ್ನು ಹಳೆಯದೆಂದು ತಳ್ಳಿಹಾಕುವ ಅಪಾಯ ಬಂತು. ಮೀಡಿಯಾವಿಕಿಯ ಮೂಲ ಕೋಡಿನಲ್ಲೇ ಈ ಸುಳ್ಳಿನ ಬಗ್ಗೆ ಒಂದು ಟಿಪ್ಪಣಿ ಬರೆದಿಟ್ಟಿದ್ದಾರೆ. ನಿಮ್ಮ ಹತ್ತರ ಸರಣಿಯ ಮರಿಯಾಡಿಬಿಯನ್ನು ಯಾವುದಾದರೂ ತಂತ್ರಾಂಶ ತೀರ ಹಳೆಯದು ಎಂದರೆ ಇದನ್ನು ನೆನಪಿಸಿಕೊಳ್ಳಿ.

ಇನ್ನು ಅಕ್ಷರಗಳ ವಿಷಯ. ಇದು ನಮಗೇ ಹೆಚ್ಚು ತಟ್ಟುವುದು, ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದರ ಬಿಸಿಯೇ ಗೊತ್ತಾಗುವುದಿಲ್ಲ. ಯುಟಿಎಫ್-8 ಎಂಬ ವ್ಯವಸ್ಥೆಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಹಳೆಯ ಮೈಎಸ್‌ಕ್ಯೂಎಲ್ ಹೇಳದೇ ಹೋದರೆ ಎಲ್ಲವನ್ನೂ ಲ್ಯಾಟಿನ್-1 ಎಂದೇ ತಿಳಿಯುತ್ತಿತ್ತು. ಆಗ ನಮ್ಮ ಒಂದು ಅಕ್ಷರ ಮೂರು ತುಂಡಾಗಿ ತೆರೆಗೆ ಬರುತ್ತದೆ: ತಲೆಯ ಮೇಲೆ ಓರೆಗೆರೆ ಹೊತ್ತ ಒಂದು ರೋಮನ್ ಅಕ್ಷರ, ಪಕ್ಕದಲ್ಲಿ ಎತ್ತರದಲ್ಲಿ ಕೂತ ಪುಟ್ಟ 2 ಅಥವಾ 3, ಆಮೇಲೆ ಇನ್ನೇನೋ ಒಂದು. ಈ ಜೋಡಿ ಸಾಲುಸಾಲಾಗಿ ಮರುಕಳಿಸಿದರೆ ಅದು ಕನ್ನಡವೇ, ವೇಷ ಮಾತ್ರ ಬೇರೆ. ಹೆದರಬೇಡಿ. ಬೈಟುಗಳು ಹಾಗೇ ಇರುತ್ತವೆ, ಸರಿಯಾದ ಹೆಸರಿನಿಂದ ಓದಿಸಿದರೆ ಲೇಖನ ಮರಳಿ ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳೇ ಸಾಲಾಗಿ ಉಗ್ರಾಣದೊಳಗೂ ಕೂತಿದ್ದರೆ ಮಾತ್ರ ಪರಿಸ್ಥಿತಿ ಕೆಟ್ಟಿದೆ. ಪರಿವರ್ತನೆಯಲ್ಲಿ ಮೂಲವೇ ಹೋಗಿರುತ್ತದೆ, ಹಳೆಯ ಪ್ರತಿಯಿಂದಲೇ ತರಬೇಕು.

ಮೈಎಸ್‌ಕ್ಯೂಎಲ್ಲಿನಲ್ಲಿ ಯುಟಿಎಫ್8 ಎಂಬ ಹೆಸರಿನದ್ದು ಒಂದಕ್ಷರಕ್ಕೆ ಮೂರೇ ಬೈಟ್ ಕೊಡುತ್ತಿತ್ತು ಎಂಬುದನ್ನೂ ತಿಳಿದಿರಬೇಕು. ಕನ್ನಡಕ್ಕೆ ಸಾಕು, ಎಮೋಜಿಗೆ ಸಾಲದು. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡಿಗೆ ಸೇರಿದ ತುಳು-ತಿಗಳಾರಿ ಲಿಪಿಗೂ ಸಾಲದು, ಅದಕ್ಕೆ ನಾಲ್ಕು ಬೈಟ್ ಬೇಕು. ತುಳು ಹಸ್ತಪ್ರತಿಗಳನ್ನು ಅವುಗಳ ಲಿಪಿಯಲ್ಲೇ ಇಡಬೇಕೆನ್ನುವವರು ಬೇರೆ ತಂತ್ರಾಂಶಗಳಲ್ಲಿ ಯುಟಿಎಫ್8ಎಂಬಿ4 ಎಂಬುದನ್ನು ಆರಿಸಬೇಕು. ಮೀಡಿಯಾವಿಕಿ ಈ ತಂಟೆಯೇ ಬೇಡವೆಂದು ಪಠ್ಯವನ್ನು ಬರಿಯ ಬೈಟುಗಳಾಗಿ, ಬೈನರಿ ಎಂಬ ಗುರುತಿನಲ್ಲಿ ಇಡುತ್ತದೆ. ಅದನ್ನು ತಿದ್ದಲು ಹೋಗದಿರುವುದೇ ಒಳ್ಳೆಯದು.

ಅದೇ ಬೈಟು ಲೆಕ್ಕ ಇನ್ನೊಂದು ಕಡೆ ನಮ್ಮನ್ನು ಹಿಡಿಯುತ್ತದೆ. ವಿಕಿ ಪುಟದ ಶೀರ್ಷಿಕೆಗೆ ಇರುವ ಜಾಗ 255 ಬೈಟ್. ಇಂಗ್ಲಿಷಿಗೆ 255 ಅಕ್ಷರ, ಕನ್ನಡಕ್ಕೆ 85 ಸಂಕೇತ. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಸಂಕೇತಗಳು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಆರು ಸಂಕೇತ, ಹದಿನೆಂಟು ಬೈಟ್. ಶಾಸನದ ಉದ್ದನೆಯ ಬಿರುದಾವಳಿಯನ್ನು ಶೀರ್ಷಿಕೆಯಾಗಿ ಕೊಟ್ಟು ವಿಕಿ ಒಪ್ಪದಿದ್ದರೆ ಡೇಟಾಬೇಸನ್ನು ಬೈಯಬೇಡಿ, ಹೆಸರನ್ನು ಚಿಕ್ಕದು ಮಾಡಿ.

ಸರ್ವರ್ ಬದಲಿಸುವಾಗಿನ ಒಂದು ಸಮಸ್ಯೆಯನ್ನೂ ಹೇಳಿಬಿಡುತ್ತೇನೆ. ಮೈಎಸ್‌ಕ್ಯೂಎಲ್ 8ರಿಂದ ತೆಗೆದ ಪ್ರತಿಯನ್ನು ಮರಿಯಾಡಿಬಿಗೆ ತುಂಬಲು ಹೋದರೆ ಅಕ್ಷರಗಳನ್ನು ಅನುಕ್ರಮದಲ್ಲಿ ಜೋಡಿಸುವ ನಿಯಮವೊಂದರ ಹೆಸರು ತಿಳಿಯದೆಂದು ಅದು ನಿಲ್ಲುವುದುಂಟು. ಆ ಹೆಸರಿನಲ್ಲಿ 0900 ಎಂಬ ಅಂಕಿ ಇರುತ್ತದೆ. ಪ್ರತಿಯ ಕಡತದಲ್ಲಿ ಆ ಹೆಸರಿನ ಜಾಗಕ್ಕೆ ಎರಡೂ ಕಡೆ ಚಲಾವಣೆಯಲ್ಲಿರುವ ಹಳೆಯ ನಿಯಮದ ಹೆಸರು ಹಾಕಿದರೆ ಕೆಲಸ ಮುಂದುವರಿಯುತ್ತದೆ.

ನಾಲ್ಕೈದು ಜನ ಸೇರಿ ಬರೆಯುವ ಸಣ್ಣ ವಿಕಿಗೆ ಇಷ್ಟೆಲ್ಲ ಬೇಕೇ ಎಂದರೆ, ಬೇಡ ಎನ್ನುತ್ತೇನೆ. ಅಳವಡಿಕೆಯ ಪುಟದಲ್ಲಿ ಎಸ್‌ಕ್ಯೂಲೈಟ್ ಆರಿಸಿ. ಅದರಲ್ಲಿ ಸರ್ವರಿಲ್ಲ, ಡೇಟಾಬೇಸಿಗೆ ಗುಪ್ತಪದವಿಲ್ಲ. ಉಗ್ರಾಣವೆಲ್ಲ ಯಂತ್ರದ ಮೇಲಿನ ಕಡತಗಳಷ್ಟೇ. ಅವು ಹೊರಗಿನವರು ಬ್ರೌಸರಿನಿಂದ ಮುಟ್ಟಲಾಗದ ಜಾಗದಲ್ಲಿರಲಿ. ಮುಂದೆ ವಿಕಿ ಬೆಳೆದು ದೊಡ್ಡ ಡೇಟಾಬೇಸಿಗೆ ಹೋಗಬೇಕಾದರೆ ಮೀಡಿಯಾವಿಕಿಯ ಜೊತೆಗೇ ಬರುವ ಡಂಪ್‌ಬ್ಯಾಕಪ್ ಎಂಬ ಸಲಕರಣೆ ಪುಟಗಳನ್ನೂ ಅವುಗಳ ತಿದ್ದುಪಡಿಯ ಇತಿಹಾಸವನ್ನೂ ಎಕ್ಸ್‌ಎಮ್‌ಎಲ್ ಆಗಿ ತೆಗೆದುಕೊಡುತ್ತದೆ, ಇಂಪೋರ್ಟ್‌ಡಂಪ್ ಎಂಬುದು ಹೊಸ ಮನೆಯಲ್ಲಿ ತುಂಬುತ್ತದೆ. ಸದಸ್ಯರ ಖಾತೆಗಳು ಅದರೊಂದಿಗೆ ಬರುವುದಿಲ್ಲ, ಎಲ್ಲರೂ ಮತ್ತೆ ನೋಂದಾಯಿಸಿಕೊಳ್ಳಬೇಕು. ಚಿತ್ರಗಳ ಫೋಲ್ಡರನ್ನು ಬೇರೆಯಾಗಿ ನಕಲು ಮಾಡಿಕೊಳ್ಳಿ.