ತೊಟ್ಟಿಯ ತಳಕ್ಕೆ ಯಾವ ಮಣ್ಣು?



ಮೀನಿನ ತೊಟ್ಟಿಯಲ್ಲಿ ಹಸಿರು ಗಿಡಗಳೂ ಬೆಳೆಯಬೇಕೆಂಬ ಆಸೆ ಅನೇಕರಿಗಿದೆ. ಅಂಗಡಿಯಲ್ಲಿ ತಳಕ್ಕೆ ಹಾಸುವ ಮಣ್ಣಿನ ಚೀಲದ ಬೆಲೆ ಕೇಳಿದೊಡನೆ ಆ ಆಸೆ ಅಲ್ಲಿಗೇ ನಿಲ್ಲುತ್ತದೆ. ಇಷ್ಟು ಖರ್ಚು ಅಗತ್ಯವೇ?

ಉತ್ತರಕ್ಕಾಗಿ ತಿರುಮಕೂಡಲು ನರಸೀಪುರದ ಕಡೆಯ ಹೆಮ್ಮಿಗೆಯಂಥ ಊರಿನ ಭತ್ತದ ಗದ್ದೆಯನ್ನು ನೆನೆಯೋಣ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಮೇಲ್ಪದರ ಬಿಟ್ಟರೆ ಕೆಳಗೆ ಆಮ್ಲಜನಕವಿರುವುದಿಲ್ಲ. ಆದರೂ ಪೈರು ಬದುಕುತ್ತದೆ. ಏಕೆಂದರೆ ಎಲೆಯಿಂದ ಬೇರಿನವರೆಗೆ ಗಾಳಿ ಸಾಗುವ ಜಾಗ ಅದರೊಳಗಿದೆ. ಪೈರು ಕಿತ್ತಾಗ ಬೇರಿನ ಮೇಲೆ ಕಾಣುವ ತುಕ್ಕಿನ ಬಣ್ಣ, ಬೇರು ಹೊರಬಿಟ್ಟ ಆಮ್ಲಜನಕ ಮಣ್ಣಿನ ಕಬ್ಬಿಣದೊಡನೆ ಸೇರಿದುದರ ಗುರುತು. ತೊಟ್ಟಿಯ ಎಷ್ಟೋ ಗಿಡಗಳು ಬದುಕುವುದೂ ಹೀಗೆಯೇ. ಜೇಡಿಯ ಕಣಗಳು ಪೋಷಕಾಂಶವನ್ನು ಹಿಡಿದಿಟ್ಟು ಬೇರಿಗೆ ಒದಗಿಸುತ್ತವೆ. ಬರಿಯ ಮರಳಿಗೆ ಆ ಗುಣವಿಲ್ಲ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಅವರ 1999ರ ಪುಸ್ತಕ ವಿವರಿಸುವುದೂ ಸಾಧಾರಣ ಮಣ್ಣಿನ ವಿಧಾನವನ್ನೇ.

ಮೊದಲು ಗಿಡ ಯಾವುದೆಂದು ನಿರ್ಧರಿಸಿ. ಜಾವಾ ಫರ್ನ್, ಅನುಬಿಯಾಸ್‌ಗಳನ್ನು ಕಲ್ಲಿಗೆ ಕಟ್ಟಿದರೆ ಸಾಕು, ಮಣ್ಣೇ ಬೇಡ. ಬೇರಿನಿಂದ ಆಹಾರ ಹೀರುವ ವ್ಯಾಲಿಸ್ನೇರಿಯ, ಕ್ರಿಪ್ಟೊಕೊರಿನ್‌ಗಳಿಗೆ ಮಣ್ಣು ಬೇಕು.

ಗೊಬ್ಬರ, ಔಷಧಿ ಬೀಳದ ಜಾಗದ ಕೆಮ್ಮಣ್ಣನ್ನು ಜರಡಿ ಹಿಡಿಯಿರಿ. ಸಗಣಿ ಗೊಬ್ಬರ ಸೇರಿಸಬೇಡಿ. ಎರೆಮಣ್ಣಿನಲ್ಲಿ ಅನೇಕ ಕಡೆ ಸುಣ್ಣದ ಹರಳುಗಳಿರುತ್ತವೆ. ಅವು ಕರಗಿ ನೀರನ್ನು ಗಡುಸು ಮಾಡುತ್ತವೆ. ಅಮೃತಶಿಲೆಯ ಚೂರು, ಚಿಪ್ಪುಗಳದೂ ಅದೇ ಕಥೆ. ಪರೀಕ್ಷೆ ಸುಲಭ: ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದು ಬೇಡ.

ಮಣ್ಣಿನ ಮೇಲೆ ತೊಳೆದ ಮರಳು ಹರಡಿ. ಕಾವೇರಿಯೇ ಪಕ್ಕದಲ್ಲಿರುವಾಗ ಮರಳಿಗೇನು ಬರ ಎನ್ನಬೇಡಿ. ಪರವಾನಗಿಯಿಲ್ಲದೆ ಹೊಳೆಯ ಮರಳು ತೆಗೆಯುವುದು ಅಪರಾಧ. ಮನೆ ಕಟ್ಟಿಸಿದವರಲ್ಲಿ ಉಳಿದಿದ್ದರೆ ಒಂದು ಬಕೆಟ್ ಕೇಳಿ ತನ್ನಿ. ಕಾಳು 1ರಿಂದ 3 ಮಿಲಿಮೀಟರ್ ಇರಲಿ. ತೀರ ನಯವಾದ ಮರಳು ಒತ್ತಿಕೊಂಡು, ಕೆಳಗಿನ ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿಗೆ ಎರಡೂವರೆ ಸೆಂಟಿಮೀಟರ್ ಮಣ್ಣು, ಮೂರು ಸೆಂಟಿಮೀಟರ್ ಮರಳು ಸಾಕು. ಅಂದರೆ ಸುಮಾರು ನಾಲ್ಕೂವರೆ ಲೀಟರ್ ಮಣ್ಣು, ಐದೂವರೆ ಲೀಟರ್ ಮರಳು.

ಇನ್ನು ಕೊನೆಯ ಮಾತು. ಹೊಸ ಮಣ್ಣು ಮೊದಲ ವಾರಗಳಲ್ಲಿ ಅಮೋನಿಯ ಬಿಡುತ್ತದೆ. ಅದು ಮೀನಿಗೆ ವಿಷ. ಗಿಡ ನೆಟ್ಟು, ನಾಲ್ಕಾರು ದಿನಕ್ಕೊಮ್ಮೆ ಅರ್ಧ ನೀರು ಬದಲಿಸುತ್ತಾ ಐದಾರು ವಾರ ಕಾಯಿರಿ. ಮಕ್ಕಳು ಮೀನಿಗಾಗಿ ಹಟ ಮಾಡುತ್ತಾರೆ. ಹೊಸ ಚಿಗುರನ್ನು ತೋರಿಸಿ ಸಮಾಧಾನಪಡಿಸಿ. ತಂದ ಮರುದಿನವೇ ಮೀನು ತೇಲುವುದನ್ನು ಅವರು ನೋಡುವಂತಾಗಬಾರದು.