ಮನೆಯಲ್ಲಿ ಪಾಠ, ಕ್ಯಾಂಪಸ್ಸಿನಲ್ಲಿ ಕೆಲಸ



ತಂತ್ರಜ್ಞಾನ ನಾವೀನ್ಯತೆಯಲ್ಲಿ ಹೈಬ್ರಿಡ್ ಸ್ನಾತಕೋತ್ತರ ಪದವಿ ನನ್ನ ಇವತ್ತಿನ ವಿಷಯ. ಓದಿನ ಒಂದು ಭಾಗ ಕಂಪ್ಯೂಟರ್ ಪರದೆಯ ಮೇಲೆ, ಇನ್ನೊಂದು ಭಾಗ ಕ್ಯಾಂಪಸ್ಸಿನಲ್ಲಿ. ನೌಕರಿ ಬಿಡಲಾಗದ ಎಂಜಿನಿಯರುಗಳು, ಮಕ್ಕಳನ್ನು ಬಿಟ್ಟು ಬರಲಾಗದ ತಾಯಂದಿರು ಇಂಥ ಪದವಿಯನ್ನು ಹುಡುಕುತ್ತಿದ್ದಾರೆ. ಆದರೆ ಯಾವ ಭಾಗ ಎಲ್ಲಿ ನಡೆಯಬೇಕು ಎಂಬುದನ್ನು ನಮ್ಮಲ್ಲಿ ಹೆಚ್ಚಾಗಿ ವೇಳಾಪಟ್ಟಿ ಮಾಡುವವರು ತೀರ್ಮಾನಿಸುತ್ತಾರೆ. ವಾರವಿಡೀ ಆನ್‌ಲೈನ್, ಶನಿವಾರ ತರಗತಿ. ಶನಿವಾರ ಬೆಳಿಗ್ಗೆ ಬಸ್ಸಿಳಿದು ಬಂದವರನ್ನು ಕೂರಿಸಿ ಸ್ಲೈಡು ತೋರಿಸುತ್ತಾರೆ. ಪ್ರಾಜೆಕ್ಟನ್ನು ಮಾತ್ರ ಮನೆಯಲ್ಲೇ ಮಾಡಿ ತನ್ನಿ ಎನ್ನುತ್ತಾರೆ. ಇದು ಪೂರ್ತಿ ತಲೆಕೆಳಗಾಗಿದೆ. ಪಾಠ ಮನೆಯಲ್ಲಾಗಲಿ, ಪ್ರಾಜೆಕ್ಟು ಎಲ್ಲರೂ ಸೇರಿದಲ್ಲಿ ಆಗಲಿ. ನಾನು ಹೇಳಬೇಕಾದದ್ದು ಇಷ್ಟೇ. ಯಾಕೆ ಎಂಬುದಕ್ಕೆ ಮಾತ್ರ ಸ್ವಲ್ಪ ಸಮಯ ಬೇಕು.

ದೂರದಲ್ಲಿದ್ದು ಓದುವುದು ಹೊಸದಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಗೆ ಸನ್ನದು ಸಿಕ್ಕಿದ್ದು 1969ರಲ್ಲಿ. ಮೈಸೂರು ವಿಶ್ವವಿದ್ಯಾಲಯ ಅಂಚೆ ಶಿಕ್ಷಣ ಆರಂಭಿಸಿದ್ದೂ ಅದೇ ವರ್ಷ. 1996ರಲ್ಲಿ ಅದೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರುಮಾಡಿದಾಗ ಬಿಬಿಸಿಯಲ್ಲಿ ಉಪನ್ಯಾಸ ಪ್ರಸಾರ ಮಾಡಿತು. ಜನ ನೆನಪಿಟ್ಟುಕೊಂಡದ್ದು ಅದನ್ನು. ನನ್ನ ಗಮನ ಸೆಳೆಯುವುದು ಇನ್ನೆರಡು ಏರ್ಪಾಡುಗಳು. ಮೊದಲನೆಯದು, ವಿಜ್ಞಾನದ ವಿದ್ಯಾರ್ಥಿಗಳ ಮನೆಗೇ ಪ್ರಯೋಗದ ಪೆಟ್ಟಿಗೆ ಕಳಿಸುತ್ತಿದ್ದರು. ಅದರಲ್ಲೊಂದು ಅಂಗೈಯಗಲದ ಪ್ಲಾಸ್ಟಿಕ್ ಸೂಕ್ಷ್ಮದರ್ಶಕವೂ ಇರುತ್ತಿತ್ತು. ಎರಡನೆಯದು, ಬೇಸಿಗೆ ರಜೆಯಲ್ಲಿ ಬೇರೆ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳನ್ನು ಪಡೆದು ಒಂದು ವಾರದ ವಸತಿ ಶಾಲೆ ನಡೆಸುತ್ತಿದ್ದರು. ಅಡುಗೆಮನೆಯ ಮೇಜಿನ ಮೇಲೆ ಎಷ್ಟು ಕಲಿಯಬಹುದು, ಎಷ್ಟಕ್ಕೆ ಪ್ರಯೋಗಾಲಯದ ಬೆಂಚಿನ ಮುಂದೆ ನಿಲ್ಲಲೇಬೇಕು ಎಂಬುದನ್ನು ಅವರು ವಿಷಯವಾರು ಕೂತು ಯೋಚಿಸಿದ್ದರು. ಐವತ್ತು ವರ್ಷ ಕಳೆದ ಮೇಲೆ, ಅವರಿಗಿಂತ ಹತ್ತುಪಟ್ಟು ಸಲಕರಣೆಯಿರುವ ನಾವು ಆ ಯೋಚನೆಯನ್ನು ಬಿಟ್ಟಿದ್ದೇವೆ.

ಎಲ್ಲ ವಿಷಯಕ್ಕೂ ಬೆಂಚು ಬೇಕೆಂದು ನಾನು ಹೇಳುವುದಿಲ್ಲ. ಜಾರ್ಜಿಯಾ ಟೆಕ್ 2014ರ ಜನವರಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಪೂರ್ತಿ ಆನ್‌ಲೈನಿನಲ್ಲಿ, ಸುಮಾರು 7,000 ಡಾಲರಿಗೆ ಕೊಡತೊಡಗಿತು. ಈಗ ಅಲ್ಲಿ 10,000ಕ್ಕೂ ಹೆಚ್ಚು ಜನ ಓದುತ್ತಿದ್ದಾರೆ. ಪ್ರೋಗ್ರಾಮ್ ಸರಿಯೋ ತಪ್ಪೋ ಎಂದು ಹೇಳಲು ನಿಮ್ಮ ಮುಂದಿರುವ ಯಂತ್ರವೇ ಸಾಕು. ಆ ವಿಷಯಕ್ಕೆ ಆ ದಾರಿ ಒಪ್ಪುತ್ತದೆ. ನಾವೀನ್ಯತೆಯ ಓದು ಹಾಗಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯವೂ ಚೀನಾದ ತ್ಸಿಂಗುವಾ ವಿಶ್ವವಿದ್ಯಾಲಯವೂ 2015ರಲ್ಲಿ ಕೈಜೋಡಿಸಿ, ಮೈಕ್ರೋಸಾಫ್ಟ್ ಕೊಟ್ಟ 4 ಕೋಟಿ ಡಾಲರಿನ ನೆರವಿನಿಂದ, ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಗ್ಲೋಬಲ್ ಇನ್ನೊವೇಶನ್ ಎಕ್ಸ್‌ಚೇಂಜ್ ಕಟ್ಟಿದವು. 2017ರಲ್ಲಿ ಅಲ್ಲಿ ತಂತ್ರಜ್ಞಾನ ನಾವೀನ್ಯತೆಯಲ್ಲೇ ಎಂ.ಎಸ್. ಆರಂಭವಾಯಿತು. ಅಲ್ಲಿ ವಿನ್ಯಾಸ, ಎಂಜಿನಿಯರಿಂಗ್, ಉದ್ಯಮ ಮೂರನ್ನೂ ಒಬ್ಬನೇ ವಿದ್ಯಾರ್ಥಿ ಕಲಿಯಬೇಕು. ಮಾದರಿಗಳನ್ನು ಕೈಯಾರೆ ತಯಾರಿಸುವ ಕಾರ್ಯಾಗಾರವೇ ಓದಿನ ನಡುಮನೆ. ಅಲ್ಲಿ ಬೆರಕೆಯಿರುವುದು ವಿಷಯಗಳಲ್ಲಿ. ಆನ್‌ಲೈನ್, ಆಫ್‌ಲೈನ್ ಎಂಬ ಬೆರಕೆ ಅದರ ನಂತರದ ಮಾತು.

ಈ ಓದಿಗೆ ಜನ ಒಂದೆಡೆ ಸೇರಲೇಬೇಕು ಅನ್ನುವುದೇಕೆ? ನಮ್ಮ ನೆಲದ ಉದಾಹರಣೆಯನ್ನೇ ಕೊಡುತ್ತೇನೆ. ವಿಜಯಪುರದ ಕಡೆ ಬೋರ್‌ವೆಲ್ ಇರುವ ಎರೆಹೊಲದ ರೈತನಿಗೆ, ಮಣ್ಣಿನ ತೇವಾಂಶ ಅಳೆದು ಮೊಬೈಲಿಗೆ ಸಂದೇಶ ಕಳಿಸುವ ಸಾಧನ ಮಾಡಿಕೊಡಲು ನಾಲ್ವರ ತಂಡವೊಂದು ಹೊರಟಿತೆನ್ನಿ. ಸೆನ್ಸರ್ ಕೆಲಸ ಮಾಡುವ ಬಗೆ, ಸರ್ಕಿಟ್, ಕೋಡ್ ಎಲ್ಲವನ್ನೂ ಪರದೆಯ ಮೇಲೆ ಚೆನ್ನಾಗಿ ಕಲಿಯಬಹುದು. ಮನೆಯಲ್ಲಿ ಕುಂಡದ ಮಣ್ಣಿಗೆ ಚುಚ್ಚಿ ನೋಡಿದರೆ ಅಂಕಿಯೂ ಸರಿಯಾಗಿ ಬರುತ್ತದೆ. ಹೊಲಕ್ಕೆ ಹೋದರೆ ಕೆಡುತ್ತದೆ. ಎರೆಮಣ್ಣು ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕು ಸೆನ್ಸರಿನ ಮೈಗುಂಟ ಇಳಿದರೆ ಮಣ್ಣಿನ ಬದಲು ಗಾಳಿ ತಾಗುತ್ತದೆ. ಪಕ್ಕದ ಹೆಂಟೆಯಲ್ಲಿ ಇನ್ನೂ ಹಸಿಯಿದ್ದರೂ ಸಾಧನ ಒಣಗಿದೆ ಅನ್ನುತ್ತದೆ. ತೇವಾಂಶ ಮಾಪನದ ತಾಂತ್ರಿಕ ಪುಸ್ತಕಗಳಲ್ಲಿ ಈ ಮಾತಿದೆ. ಆದರೆ ಬಿರುಕಿನೊಳಗೆ ಬೆರಳಿಟ್ಟು ನೋಡಿದವನು ಅದನ್ನು ಮರೆಯುವುದಿಲ್ಲ.

ಅಷ್ಟಕ್ಕೇ ಮುಗಿಯುವುದಿಲ್ಲ. ರೈತನ ಜೊತೆ ಬದುವಿನ ಮೇಲೆ ಕೂತು ಮಾತಾಡಿದರೆ ಅವನು ಬೇರೆಯೇ ಕೇಳಬಹುದು: "ನೀರು ಬೇಕೋ ಬ್ಯಾಡೋ ಬೆಳಿ ನೋಡಿದ್ರ ನನಗ ಗೊತ್ತಾಗ್ತದ. ತ್ರೀ ಫೇಸ್ ಕರೆಂಟ್ ಯಾವಾಗ ಬರ್ತದ, ಅದನ್ನ ಹೇಳ್ರಿ." ಪಂಪ್‌ಸೆಟ್ಟಿಗೆ ದಿನದ ಕೆಲವೇ ಗಂಟೆ ವಿದ್ಯುತ್ತು ಸಿಗುವ ಕಡೆ ಇದು ನ್ಯಾಯವಾದ ಪ್ರಶ್ನೆ. ಈಗ ತಂಡದಲ್ಲಿ ಜಗಳ ಶುರು. ಎಲೆಕ್ಟ್ರಾನಿಕ್ಸ್ ಓದಿದವಳು ಸೆನ್ಸರನ್ನೇ ಸುಧಾರಿಸೋಣ ಅನ್ನುತ್ತಾಳೆ. ಉದ್ಯಮದ ಕಡೆಯಿಂದ ಬಂದವನು ಸೆನ್ಸರನ್ನೇ ಬಿಟ್ಟು ಕರೆಂಟ್ ಬಂದದ್ದನ್ನು ತಿಳಿಸುವ ಸಾಧನ ಮಾಡೋಣ ಅನ್ನುತ್ತಾನೆ. ವಿನ್ಯಾಸದವರು ಇನ್ನೂ ನಾಲ್ಕು ಹೊಲ ನೋಡಿಕೊಂಡು ಬರೋಣ ಅನ್ನುತ್ತಾರೆ. ನಾನು ನಾವೀನ್ಯತೆ ಅನ್ನುವುದು ಈ ಜಗಳವನ್ನು. ಇದು ವೀಡಿಯೋ ಕರೆಯಲ್ಲಿ ನಡೆಯುವುದಿಲ್ಲ. ಅಲ್ಲಿ ಒಪ್ಪದವರು ಮ್ಯೂಟ್ ಮಾಡಿಕೊಂಡು ಸುಮ್ಮನಾಗುತ್ತಾರೆ, ಗಟ್ಟಿಯಾಗಿ ಮಾತಾಡಿದವರದೇ ತೀರ್ಮಾನವಾಗುತ್ತದೆ. ಮೇಜಿನ ಮೇಲೆ ಕೆಟ್ಟ ಸಾಧನವಿಟ್ಟುಕೊಂಡು, ಮಣ್ಣಾದ ಕೈಯಲ್ಲಿ, ಸಂಜೆಯವರೆಗೆ ವಾದಿಸಬೇಕು. ದುಬಾರಿಯಾದ ಕ್ಯಾಂಪಸ್ ಸಮಯ ಇದಕ್ಕೇ ಮೀಸಲಾಗಬೇಕು. ಉಪನ್ಯಾಸವನ್ನು ರಾತ್ರಿ ಮನೆಯಲ್ಲಿ ಎರಡು ಸಲ ಬೇಕಾದರೂ ಕೇಳಬಹುದು.

ಹುಬ್ಬಳ್ಳಿಯ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದೇಶಪಾಂಡೆ ಅವರು ದೇಣಿಗೆ ಕೊಟ್ಟು ಅಮೆರಿಕದ ಎಂಐಟಿಯಲ್ಲಿ 2002ರಲ್ಲಿ ಸ್ಥಾಪಿಸಿದ ತಂತ್ರಜ್ಞಾನ ನಾವೀನ್ಯತೆಯ ಕೇಂದ್ರವೂ ಇದೇ ನಂಬಿಕೆಯ ಮೇಲೆ ನಿಂತಿದೆ. ಅಲ್ಲಿ ಸಂಶೋಧಕರಿಗೆ ಹಣದ ಜೊತೆಗೆ, ಉದ್ಯಮದಲ್ಲಿ ಪಳಗಿದ ಸ್ವಯಂಸೇವಕರನ್ನೂ ಜೋಡಿಸುತ್ತಾರೆ. ನಿನ್ನ ಸಾಧನ ಯಾರಿಗೆ ಬೇಕು ಎಂದು ಎದುರು ಕೂತು ಕೇಳುವವರು ಅವರು.

ಇಂಥ ಪದವಿಗೆ ಸೇರುವ ವಿದ್ಯಾರ್ಥಿಗಳು ತಿಳಿದಿರಬೇಕಾದ ಎರಡು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮೋದನೆಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳನ್ನು ಸುಪ್ರೀಂ ಕೋರ್ಟು 2017ರ ನವೆಂಬರಿನಲ್ಲಿ ಒಪ್ಪಲಿಲ್ಲ. ಹಾಗಾಗಿ ಸೇರುವ ಮುನ್ನ ಅನುಮೋದನೆಯ ಕಾಗದವನ್ನು ಕಣ್ಣಾರೆ ನೋಡಿ. ಇನ್ನು, ಅಮೆರಿಕಕ್ಕೆ ಎಫ್-1 ವೀಸಾದಲ್ಲಿ ಹೋಗುವವರಿಗೆ ಒಂದು ಸೆಮಿಸ್ಟರಿನಲ್ಲಿ ಒಂದೇ ಆನ್‌ಲೈನ್ ಕೋರ್ಸು, ಅಂದರೆ ಮೂರು ಕ್ರೆಡಿಟ್‌ನಷ್ಟು ಮಾತ್ರ, ಪೂರ್ಣಾವಧಿ ಓದಿನ ಲೆಕ್ಕಕ್ಕೆ ಸೇರುತ್ತದೆ. ಹೆಚ್ಚು ಭಾಗ ಪರದೆಯ ಮೇಲೇ ನಡೆಯುವ ಹೈಬ್ರಿಡ್ ಪದವಿ ಅಲ್ಲೇ ಕೆಲಸದಲ್ಲಿರುವವರಿಗೆ ಅನುಕೂಲ. ಇಲ್ಲಿಂದ ಹೋಗುವವರಿಗೆ ಕಷ್ಟ.

ಇಂಥ ಪದವಿಯನ್ನು ನಮ್ಮಲ್ಲೇ ಕೊಡಲು ಏನಡ್ಡಿ? ಪಿಲಾನಿಯ ಬಿಟ್ಸ್ 1979ರಿಂದಲೂ ನೌಕರಿಯಲ್ಲಿರುವವರಿಗೆ, ಅವರ ಕೆಲಸದ ಜಾಗವನ್ನೇ ಪ್ರಯೋಗಾಲಯ ಮಾಡಿಕೊಂಡು ಪದವಿ ಕೊಡುತ್ತ ಬಂದಿದೆ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಬೆಳಗಾವಿಯಲ್ಲೂ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲೂ ನೆಲೆಯಿದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ, ಅಂದರೆ ಜಿಟಿಟಿಸಿಗೆ, ಇಂದು ನಾಡಿನ ಹಲವು ಊರುಗಳಲ್ಲಿ ಕೇಂದ್ರಗಳಿವೆ. ಅಲ್ಲಿ ಸಿಎನ್‌ಸಿ ಯಂತ್ರಗಳಿವೆ, ಅಚ್ಚು ಮಾಡಬಲ್ಲ ನುರಿತ ಕೈಗಳಿವೆ. ತಿಂಗಳಿಗೊಮ್ಮೆ ವಾರಾಂತ್ಯದಲ್ಲಿ ಆ ಯಂತ್ರಗಳ ಮುಂದೆ ಎಂ.ಟೆಕ್. ವಿದ್ಯಾರ್ಥಿಗಳು ನಿಲ್ಲಲಿ. ಸೆಮಿಸ್ಟರಿಗೆ ಒಂದು ಪೂರ್ತಿ ವಾರ ಹೊಲಕ್ಕೋ ಆಸ್ಪತ್ರೆಗೋ ಕೈಗಾರಿಕಾ ವಸಾಹತಿಗೋ ಹೋಗಲಿ. ಉಳಿದದ್ದೆಲ್ಲ ಆನ್‌ಲೈನಿನಲ್ಲಿರಲಿ, ಕನ್ನಡದ ವಿವರಣೆಯೂ ಜೊತೆಗಿರಲಿ.

ಇದಕ್ಕೆ ಹಣಕ್ಕಿಂತ ದೊಡ್ಡ ತೊಡಕು ಅಂಕ ಕೊಡುವ ಕ್ರಮ. ಇವತ್ತು ಕೆಲಸ ಮಾಡುವ ಮಾದರಿ ತೋರಿಸಿದವನಿಗೆ ಅಂಕ. ಅದಕ್ಕೇ ವಿದ್ಯಾರ್ಥಿಗಳು ಎಲ್ಲಿಂದಲೋ ಕೊಂಡುತಂದ ಪ್ರಾಜೆಕ್ಟನ್ನು ಪರೀಕ್ಷಕರ ಮುಂದೆ ಓಡಿಸುತ್ತಾರೆ. ಹೊಲದಲ್ಲಿ ಸೋತ ಸಾಧನಕ್ಕೂ, ಯಾಕೆ ಸೋತಿತೆಂದು ಅಳೆದು ದಿನಚರಿಯಲ್ಲಿ ಬರೆದಿದ್ದರೆ, ಪೂರ್ಣ ಅಂಕ ಸಿಗುವಂತಾಗಬೇಕು. ಪರೀಕ್ಷಾ ನಿಯಮಾವಳಿಗೆ ತಿದ್ದುಪಡಿ ತರದೆ ಇದು ಆಗದು. ವಿದ್ಯಾವಿಷಯಕ ಪರಿಷತ್ತಿನ ಸದಸ್ಯರು ಕೆಲವರು ಈ ಸಭೆಯಲ್ಲಿದ್ದೀರಿ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಒಂದು ವಿಷಯವನ್ನು ಸೇರಿಸಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ.