ಅಮಲಿನ ಚಾಲನೆ: ಶಿಕ್ಷೆ ಸಾಲದೆಂದು ಮೇಲ್ಮನವಿ ಯಾರದು?
(ನಿಡಘಟ್ಟದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಬೆಂಗಳೂರು–ಮೈಸೂರು ಹೆದ್ದಾರಿಯ ಎರಡು ಕಾಮಗಾರಿಗಳು ಕೂಡಿದ್ದು ಈ ನಿಡಘಟ್ಟದಲ್ಲಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥ ನಿಷಿದ್ಧ. ನಮ್ಮ ರೈತರು ಸರ್ವಿಸ್ ರಸ್ತೆಯಲ್ಲೇ ಸಂಚರಿಸುತ್ತಾರೆ. ಅಮಲೇರಿದ ಚಾಲಕನು ಅಲ್ಲಿಗೂ ನುಗ್ಗಬಲ್ಲನು. ಕಾಲು ಮುರಿದವನು ಮನೆಯಲ್ಲಿ ಮಲಗಿರುವಾಗ ಚಾಲಕನು ದಂಡ ಕಟ್ಟಿ ಹೊರಬಂದರೆ, ಆ ಕುಟುಂಬವು ಮೊದಲು ಬರುವುದು ನಿಮ್ಮ ಬಳಿಗೆ: "ಇದಕ್ಕೆ ಅಪೀಲು ಇಲ್ಲವೇ ಸ್ವಾಮಿ?"

ಉತ್ತರ ಕಹಿಯಾದುದು. ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಂತೆ ತೀವ್ರ ಗಾಯಕ್ಕೆ ಗರಿಷ್ಠ ಮೂರು ವರ್ಷ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕನಿಷ್ಠ ಶಿಕ್ಷೆಯೆಂಬುದಿಲ್ಲ, ಆದುದರಿಂದಲೇ ಬರಿಯ ದಂಡ ಸಾಧ್ಯ. ನಾಗರಿಕ ಸುರಕ್ಷಾ ಸಂಹಿತೆಯ 413ನೇ ಕಲಮಿನನ್ವಯ ನೊಂದವರು ಖುಲಾಸೆಯ ವಿರುದ್ಧ, ಅಪರಾಧವನ್ನು ಲಘುಗೊಳಿಸಿದ್ದರ ವಿರುದ್ಧ, ಪರಿಹಾರ ಸಾಲದೆಂದು ಮೇಲ್ಮನವಿ ಸಲ್ಲಿಸಬಹುದು. ಶಿಕ್ಷೆ ಸಾಲದೆಂದು ಸಲ್ಲಿಸುವಂತಿಲ್ಲ. ಹಳೆಯ ಸಂಹಿತೆಯಡಿ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಇದನ್ನೇ ಹೇಳಿತು. ನೊಂದವನ ಬಾಯಿಗೆ ಇಲ್ಲಿ ಬೀಗ ಹಾಕಿರುವುದು ನನಗೆ ಸರಿಯೆನಿಸದು. ಆದರೆ ಕಾನೂನು ಹೀಗಿದೆ.

ಆ ಅಧಿಕಾರವು 418ನೇ ಕಲಮಿನಂತೆ ಸರ್ಕಾರದ್ದು. ಮ್ಯಾಜಿಸ್ಟ್ರೇಟರ ತೀರ್ಪಾದರೆ ಸೆಷನ್ಸ್ ನ್ಯಾಯಾಲಯಕ್ಕೆ, 30 ದಿನಗಳೊಳಗೆ. ಆದ್ದರಿಂದ ತೀರ್ಪಿನ ಪ್ರತಿಯನ್ನು ಕೂಡಲೇ ಪಡೆದು ಸರ್ಕಾರಿ ಅಭಿಯೋಜಕರಿಗೆ ಲಿಖಿತ ಮನವಿ ಕೊಡಿಸಿ. ಆರೋಪಿಗೂ ತನ್ನ ಮಾತು ಹೇಳುವ, ಖುಲಾಸೆಯನ್ನೇ ಕೋರುವ ಹಕ್ಕುಂಟು.

ಇದು ವ್ಯರ್ಥ ಶ್ರಮವಲ್ಲ. ಸಾವು ಸಂಭವಿಸಿದ ಅಪಘಾತವೊಂದರಲ್ಲಿ ವಿಧಿಸಿದ್ದ ಅಲ್ಪ ದಂಡದ ವಿರುದ್ಧ ಕರ್ನಾಟಕ ರಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1987ರಲ್ಲಿ ಆರು ತಿಂಗಳ ಕಠಿಣ ಸಜೆಯ ಆದೇಶ ಪಡೆಯಿತು. 2002ರ ಇನ್ನೊಂದು ಪ್ರಕರಣದಲ್ಲಿ, ಉಚ್ಚ ನ್ಯಾಯಾಲಯವು ದಂಡಕ್ಕಿಳಿಸಿದ್ದ ಸಜೆ ಮರಳಿ ಸ್ಥಾಪಿತವಾಯಿತು.

ಆದರೆ ಮೇಲ್ಮನವಿಯ ನ್ಯಾಯಾಲಯವು ಓದುವುದು ಕಡತವನ್ನು. ಅಮಲಿನ ಸಾಕ್ಷ್ಯ ಅದರಲ್ಲಿರಬೇಕು. ಮದ್ಯಕ್ಕಾದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಅಳತೆಯಿದೆ. ಗಾಂಜಾ, ಮಾತ್ರೆಗಳಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಅಂತಹ ಅಂಕಿಯಿಲ್ಲ; ವಾಹನವನ್ನು ಹಿಡಿತದಲ್ಲಿಡಲು ಅಸಮರ್ಥನಾಗಿದ್ದನೆಂದೇ ರುಜುವಾತಾಗಬೇಕು. ಮದ್ಯ ಪತ್ತೆಗೆ ಊದಿಸುವ ಯಂತ್ರವು ಗಾಂಜಾವನ್ನು ಹಿಡಿಯದು. ಬಂಧನದ ಎರಡು ಗಂಟೆಯೊಳಗೆ ವೈದ್ಯಕೀಯ ತಪಾಸಣೆ ನಡೆಯಬೇಕೆಂದು 202ನೇ ಕಲಂ ವಿಧಿಸುತ್ತದೆ. ರಕ್ತದ ಮಾದರಿ ತೆಗೆದರೇ ಎಂದು ಆ ರಾತ್ರಿಯೇ ವಿಚಾರಿಸಿ. ಚಾಲಕನು ತೂರಾಡಿದ್ದನ್ನು, ತೊದಲಿದ್ದನ್ನು ಕಂಡವರು ಪೊಲೀಸರಿಗೆ ಹೇಳಿಕೆ ಕೊಡಲಿ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದವರಿಗೆ 134ಎ ಕಲಂ ರಕ್ಷಣೆ ನೀಡುತ್ತದೆ. ಹೆಸರು ಹೇಳಬೇಕೆಂಬ ಬಲವಂತವೂ ಇಲ್ಲ.

ಅಪಘಾತ ಪರಿಹಾರದ ಅರ್ಜಿ ಬೇರೆಯೇ ದಾರಿ. ಅದು ಈ ತೀರ್ಪಿಗಾಗಿ ಕಾಯಬೇಕಿಲ್ಲ.